ಬೆನ್ನ ಮೇಲಿನ ಕೈ

ನಾನು ಓದಿದ್ದು ಮಠದ ಪಾಠಶಾಲೆಯಲ್ಲಿ. ವ್ಯಾಕರಣ, ಅಲಂಕಾರಶಾಸ್ತ್ರ, ವಚನಗಳ ಪರಿಚಯ ನನಗುಂಟು, ಚಿತ್ರಕಲೆಯ ಅಭ್ಯಾಸವಿಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಬಾಗಲಕೋಟೆಯ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಕಂಡ ಒಂದು ಚಿತ್ರದ ಅಚ್ಚುಪ್ರತಿ ನನ್ನನ್ನು ಬಹಳ ದಿನ ಕಾಡಿತು.

ಅದನ್ನು ರಚಿಸಿದವನು ಡಚ್ ಚಿತ್ರಕಾರ ರೆಂಬ್ರಾಂಟ್ (1606–1669). ಬದುಕಿನ ಕೊನೆಯ ದಿನಗಳ ಆ ಕೃತಿ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ವಸ್ತು ಬೈಬಲಿನದು. ಕಿರಿಯ ಮಗನು ತನ್ನ ಪಾಲನ್ನು ಪಡೆದು ದೂರದೇಶಕ್ಕೆ ಹೋಗಿ, ಎಲ್ಲವನ್ನೂ ಹಾಳುಮಾಡಿಕೊಂಡು ಮರಳುತ್ತಾನೆ. ತಂದೆ ಅವನನ್ನು ಅಪ್ಪಿಕೊಳ್ಳುತ್ತಾನೆ. ಮೊಣಕಾಲೂರಿದ ಮಗನ ಮುಖ ನಮಗೆ ಸರಿಯಾಗಿ ಕಾಣದು. ಕಾಣುವುದು ಬೋಳುತಲೆ, ಹರಿದ ಬಟ್ಟೆ, ಸವೆದ ಪಾದರಕ್ಷೆಯಿಂದ ಹೊರಬಂದ ಒಂದು ಅಂಗಾಲು. ನಡೆದು ಬಂದ ದಾರಿಯನ್ನೆಲ್ಲ ಆ ಅಂಗಾಲೇ ಹೇಳುತ್ತದೆ. ಸುತ್ತಲೂ ಕತ್ತಲೆ, ಮಗನ ಬೆನ್ನ ಮೇಲೆ ಬೆಳಕು ಬಿದ್ದ ತಂದೆಯ ಎರಡು ಕೈಗಳು. ಒಂದು ಅಗಲವಾದ, ಗಟ್ಟಿಯಾಗಿ ಹಿಡಿದ ಕೈ; ಇನ್ನೊಂದು ಮೃದುವಾದುದು. ಒಂದೇ ಒಡಲಲ್ಲಿ ತಂದೆಯ ಕೈಯೂ ತಾಯಿಯ ಕೈಯೂ ಇವೆ ಎಂದು ನೋಡಿದವರು ಹೇಳುವುದುಂಟು. ಚಿತ್ರಕಾರನು ತನ್ನ ಮಗನನ್ನು 1668ರಲ್ಲಿ ಕಳೆದುಕೊಂಡಿದ್ದನು.

ಬಲಬದಿಗೆ ಕೆಂಪು ಹೊದಿಕೆಯವನೊಬ್ಬ ನಿಂತಿದ್ದಾನೆ. ಅವನೇ ಹಿರಿಯ ಮಗನೆಂದು ತಿಳಿಯಲಾಗಿದೆ. ಅವನ ಕೈಗಳು ಕೋಲಿನ ಮೇಲೆ ಒಂದರ ಮೇಲೊಂದು ಕೂಡಿಕೊಂಡಿವೆ. ಯಾರ ಕಡೆಗೂ ಚಾಚಿಲ್ಲ. ನನ್ನ ದೃಷ್ಟಿ ಅಲ್ಲಿಯೇ ನಿಂತಿತು.

ನಮ್ಮ ನೆಲದ ಶಿಲ್ಪಿಗಳೂ ಈ ಗುಟ್ಟನ್ನು ಬಲ್ಲವರು. ಬಾದಾಮಿಯ ಮೂರನೆಯ ಗುಹೆ ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯ ಮಂಗಳೇಶನಿಂದ ಸಿದ್ಧವಾಯಿತೆಂದು ಅಲ್ಲಿನ ಶಾಸನವೇ ಸಾರುತ್ತದೆ. ಕಂಬಗಳ ಮೇಲ್ಭಾಗದಲ್ಲಿ ಮರದ ನೆರಳಿಗೆ ನಿಂತ ದಂಪತಿಗಳಿದ್ದಾರೆ. ತೋಳಿನ ಬಳಕು, ತಲೆಯ ವಾಲುವಿಕೆಗಳಿಂದಲೇ ಅವರ ಸಲಿಗೆ ತಿಳಿಯುತ್ತದೆ. ತ್ರಿವಿಕ್ರಮನು ಆಕಾಶಕ್ಕೆ ಕಾಲೆತ್ತಿದ ಮಹಾಶಿಲ್ಪದಲ್ಲಿ ಒಂದು ಆಕೃತಿ ಅವನ ಕಾಲನ್ನು ಬಿಗಿಯಾಗಿ ತಬ್ಬಿಕೊಂಡಿದೆ. ಅವನು ನಮುಚಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಮೂರು ಲೋಕ ಅಳೆಯುವ ಪಾದಕ್ಕಿಂತ, ಬಿಡಲೊಲ್ಲದ ಆ ಕೈಗಳೇ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದವು. ಭಾವವು ಮುಖದಲ್ಲಿ ಮಾತ್ರ ಇರುವುದಿಲ್ಲ. ಕೈಯಲ್ಲಿಯೂ ಅಂಗಾಲಿನಲ್ಲಿಯೂ ಇರುತ್ತದೆ.

ಇನ್ನು ನನ್ನ ಮಾತು. ನಮ್ಮದು ಇಳಕಲ್ಲಿನ ನೇಕಾರ ಮನೆತನ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ತಂದೆಯವರ ಬೆರಳುಗಳು ಆ ಕೆಲಸದಲ್ಲಿ ಪಳಗಿದ್ದವು. ನನ್ನ ತಮ್ಮ ಮನೆಯ ಹಣವನ್ನು ತೆಗೆದುಕೊಂಡು ಮುಂಬಯಿಗೆ ಹೋದ. 1982ರ ಜನವರಿಯಲ್ಲಿ ಅಲ್ಲಿನ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಕೆಲಸವೂ ಹೋಗಿ, ಹಣವೂ ಕರಗಿ, ಒಂದು ಸಂಜೆ ಅವನು ಬಾಗಿಲಲ್ಲಿ ಬಂದು ನಿಂತ. ತಂದೆಯವರು ಮಗ್ಗದ ಕುಣಿಯಿಂದ ಮೇಲೆದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟು, “ಬಂದ್ಯಾ ತಮ್ಮಾ? ಕಾಲ ತೊಳ್ಕೊ, ಉಣ್ಣಾಕ ಕುಂಡ್ರು” ಎಂದರು. ಅಷ್ಟೇ. ಲೆಕ್ಕ ಕೇಳಲಿಲ್ಲ.

ಮಠದಿಂದ ಅಂದು ಮನೆಗೆ ಬಂದಿದ್ದ ನಾನು ಗೋಡೆಗೊರಗಿ ಕೈಕಟ್ಟಿ ನಿಂತಿದ್ದೆ. ಲೆಕ್ಕ ನನ್ನ ಮನಸ್ಸಿನಲ್ಲಿತ್ತು. ದಯೆಯ ಮೇಲೆ ನೂರಾರು ಉಪನ್ಯಾಸ ಮಾಡಿದ ನಾನು ಮುಂದೆ ವರ್ಷಗಟ್ಟಲೆ ತಮ್ಮನೊಡನೆ ಹಬ್ಬಹರಿದಿನಗಳ ಎರಡು ಮಾತಿಗಿಂತ ಹೆಚ್ಚು ಆಡಲಿಲ್ಲ. ತಂದೆಯವರು ಅದನ್ನು ನೋಡುತ್ತಲೇ ತೀರಿಕೊಂಡರು.

ಚಿತ್ರ ಕಂಡ ಮರುವಾರ ಹುನಗುಂದದ ದಾರಿ ಹಿಡಿದು ಇಳಕಲ್ಲಿಗೆ ಹೋದೆ. ತಮ್ಮ ಮಗ್ಗದ ಮುಂದೆ ಬಾಗಿ ಕೊಂಡಿ ಹಾಕುತ್ತಿದ್ದ. ಹೇಳಬೇಕೆಂದಿದ್ದ ಮಾತೊಂದೂ ಬಾಯಿಗೆ ಬರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ತಿರುಗಿ ನೋಡದೆ, ಎಳೆ ಬಿಡದೆ, ಕ್ಷಣಕಾಲ ಸುಮ್ಮನಿದ್ದು, “ಚಹಾ ಕುಡಿತಿಯೇನಣ್ಣಾ?” ಎಂದ. ಅವನ ಬೆರಳುಗಳು ನಡುಗುತ್ತಿದ್ದವು. ಥೇಟ್ ತಂದೆಯವರ ಬೆರಳುಗಳೇ.