ಬಳ್ಳಿಗಾವಿಯ ಮಲ್ಲರು

ಪಾಠ ಹೇಳುವವನು ಸುಳ್ಳು ಹೇಳಬಾರದೆಂಬುದು ನನ್ನ ವೃತ್ತಿಯ ಮೊದಲನೆಯ ನೇಮ. ಆ ನೇಮವನ್ನು ನಾನೊಮ್ಮೆ ಹಾಡುಹಗಲಿನಲ್ಲಿ, ದೇವಸ್ಥಾನದ ಗೋಡೆಯ ಮೇಲೆ ಕೈಯಿಟ್ಟುಕೊಂಡು, 32 ಮಂದಿ ವಿದ್ಯಾರ್ಥಿಗಳ ಎದುರಿನಲ್ಲಿಯೇ ಮುರಿದಿದ್ದೇನೆ. ಅದನ್ನು ಹೇಳಿಕೊಂಡುಬಿಟ್ಟರೆ ಮನಸ್ಸು ಹಗುರಾದೀತೆಂದು ಈ ಬರಹ.

ಐಚ್ಛಿಕ ಕನ್ನಡದ ತರಗತಿಯನ್ನು ಕರೆದುಕೊಂಡು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋಗಿದ್ದೆವು. ಅಲ್ಲಮಪ್ರಭುವಿನ ಹುಟ್ಟೂರೆಂದು ಹೆಸರಾದ ಊರು, ಶಾಸನಗಳ ಊರು. ಬೆಳಿಗ್ಗೆ ಕೇದಾರೇಶ್ವರನ ಗುಡಿಯನ್ನು ನೋಡಿ, ನೆರಳಿನಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ಮೊಸರನ್ನ ಮುಗಿಸಿ, ಮಧ್ಯಾಹ್ನ ತ್ರಿಪುರಾಂತಕೇಶ್ವರನ ಗುಡಿಗೆ ಬಂದೆವು. ಕಲ್ಯಾಣ ಚಾಲುಕ್ಯರ ಕಾಲದ, 11ನೆಯ ಶತಮಾನದ ಕಟ್ಟಡ. ಈಗ ಬಹಳ ಜೀರ್ಣವಾಗಿದೆ. ಅದರ ಹೊರಗೋಡೆಯ ಸುತ್ತ ಒಂದು ಕಿರಿದಾದ ಪಟ್ಟಿಕೆಯಲ್ಲಿ ಪುಟ್ಟ ಪುಟ್ಟ ಶಿಲ್ಪಗಳಿವೆ. ಪಂಚತಂತ್ರದ ಕಥೆಗಳೂ ಅಲ್ಲಿವೆ. ದುರ್ಗಸಿಂಹನು 1031ರಲ್ಲಿ ಕನ್ನಡಕ್ಕೆ ತಂದ ಪಂಚತಂತ್ರವನ್ನು ಆ ವರ್ಷವೇ ಪಾಠ ಮಾಡಿದ್ದೆನಾದ್ದರಿಂದ ನನ್ನ ಉತ್ಸಾಹಕ್ಕೆ ಮೇರೆಯಿರಲಿಲ್ಲ. "ನೋಡಿರಯ್ಯಾ, ಪುಸ್ತಕದಲ್ಲಿ ಓದಿದ್ದು ಇಲ್ಲಿ ಕಲ್ಲಿನಲ್ಲಿದೆ" ಎಂದು ಮುಂದೆ ಮುಂದೆ ನಡೆಯುತ್ತಿದ್ದೆ.

ಆ ಶಿಲ್ಪಗಳು ಎಷ್ಟು ಚಿಕ್ಕವೆಂದರೆ ಹತ್ತಿರ ಹೋಗಿ ಬಗ್ಗಿ ನೋಡದೆ ತಿಳಿಯುವುದಿಲ್ಲ. ಹಾಗೆ ಬಗ್ಗಿ ನೋಡುತ್ತಿದ್ದ ಒಬ್ಬ ವಿದ್ಯಾರ್ಥಿನಿ, ತರಗತಿಯಲ್ಲಿ ಸದಾ ಮೊದಲ ಸಾಲಿನಲ್ಲಿ ಕೂಡುವ ಹುಡುಗಿ, "ಸಾರ್, ಇದು ಯಾವ ಕಥೆ?" ಎಂದು ಕೇಳಿದಳು. ನಾನೂ ಬಗ್ಗಿದೆ. ಅದು ಯಾವ ಕಥೆಯೂ ಆಗಿರಲಿಲ್ಲ. ಒಂದು ಗಂಡು, ಒಂದು ಹೆಣ್ಣು; ಅನುಮಾನಕ್ಕೆ ಎಡೆಯೇ ಇಲ್ಲದಂತೆ ಕೂಡಿದ್ದರು.

"ಅದು... ಮಲ್ಲಯುದ್ಧ" ಎಂದೆ. "ಬನ್ನಿ ಬನ್ನಿ, ಬಸ್ಸಿಗೆ ಹೊತ್ತಾಯಿತು."

ಬಸ್ಸು ಹೊರಡುವುದಕ್ಕೆ ಇನ್ನೂ ಎರಡು ಗಂಟೆಯಿತ್ತು.

ವಾರದ ಮೇಲೆ ಪ್ರವಾಸದ ವರದಿಗಳು ನನ್ನ ಮೇಜಿಗೆ ಬಂದವು. ಆ ಹುಡುಗಿಯ ಅಕ್ಷರ ದುಂಡಗೆ, ಸ್ವಚ್ಛವಾಗಿತ್ತು. ಗುಡಿಯ ವರ್ಣನೆಯ ನಡುವೆ ಹೀಗೊಂದು ಮಾತು: ತ್ರಿಪುರಾಂತಕೇಶ್ವರ ದೇವಾಲಯದ ಪಟ್ಟಿಕೆಯಲ್ಲಿ ಮಲ್ಲಯುದ್ಧದ ಶಿಲ್ಪವಿದೆ, ಮಲ್ಲರಲ್ಲಿ ಒಬ್ಬರು ಹೆಂಗಸು, ಆ ಕಾಲದ ಸ್ತ್ರೀಯರು ಮಲ್ಲವಿದ್ಯೆಯಲ್ಲಿಯೂ ಪಳಗಿದ್ದರೆಂದು ಇದರಿಂದ ತಿಳಿಯುತ್ತದೆ.

ಇದು ಮುಗ್ಧತೆಯೋ, ಕುಚೋದ್ಯವೋ? ಇಂದಿಗೂ ನನಗೆ ಗೊತ್ತಿಲ್ಲ. ಮುಗ್ಧತೆಯಾದರೆ, ನಂಬಿ ಕೇಳಿದ ಮಗುವಿನ ತಲೆಗೆ ನಾನು ಸುಳ್ಳನ್ನು ತುಂಬಿದಂತಾಯಿತು. ಕುಚೋದ್ಯವಾದರೆ, ನನ್ನ ಮಾತಿನ ಬೆಲೆ ಏನೆಂದು ಅವಳಿಗೆ ತಿಳಿದುಹೋಯಿತು. ಯಾವುದು ವಾಸಿಯೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಆ ವಾಕ್ಯದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ರೈಟು ಹಾಕಿ, ಹತ್ತಕ್ಕೆ ಎಂಟು ಅಂಕ ಕೊಟ್ಟು, ಕಟ್ಟನ್ನು ಕಟ್ಟಿಟ್ಟೆ.

ಕನ್ನಡ ಮೇಷ್ಟರಿಗೆ ಈ ಪೇಚು ಹೊಸದಲ್ಲ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳ ಪಟ್ಟಿಯಲ್ಲಿ ಕಡಲು, ಮಲೆ, ಚಂದ್ರೋದಯಗಳ ಜೊತೆಗೆ ರತೋತ್ಸವವನ್ನೂ ದಂಡಿ ಹೇಳಿದ್ದಾನೆ. ನಮ್ಮ ಕವಿಗಳು ಆ ಮಾತನ್ನು ಚಾಚೂ ತಪ್ಪದೆ ನಡೆಸಿದರು. ಚಂದ್ರರಾಜನು 11ನೆಯ ಶತಮಾನದಲ್ಲಿಯೇ 'ಮದನತಿಲಕ'ವೆಂಬ ಕಾಮಶಾಸ್ತ್ರದ ಗ್ರಂಥವನ್ನು ಕನ್ನಡದಲ್ಲಿ ಬರೆದ. ಆದರೆ ತರಗತಿಯಲ್ಲಿ ಅಂಥ ಪದ್ಯ ಬಂದಾಗ ನಾವು ಮಾಡುವುದೇನು? "ಮುಂದಿನ ಐದು ಪದ್ಯ ಪರೀಕ್ಷೆಗೆ ಬರುವುದಿಲ್ಲ" ಎಂದು ಹಾಳೆ ಮಗುಚುತ್ತೇವೆ. ಇಡೀ ಕಾವ್ಯದಲ್ಲಿ ವಿದ್ಯಾರ್ಥಿಗಳು ಸ್ವಂತ ಆಸಕ್ತಿಯಿಂದ ಓದುವುದು ಆ ಐದನ್ನೇ. ಪುಸ್ತಕವಾದರೆ ಹೀಗೆ ಹಾಳೆ ಮಗುಚಬಹುದು. ಗೋಡೆಯನ್ನು ಮಗುಚುವುದು ಹೇಗೆ?

ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಓದತೊಡಗಿದೆ. ದೇವರ ಗುಡಿಯ ಮೇಲೆ ಇಂಥ ಶಿಲ್ಪ ಏಕೆ? ನಮ್ಮ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ: ಅದು ಭಕ್ತನಿಗೆ ಒಡ್ಡಿದ ಪರೀಕ್ಷೆ, ಕಾಮವನ್ನು ಹೊರಗೇ ಬಿಟ್ಟು ಒಳಗೆ ಬಾ ಎಂದು ಅದರ ಅರ್ಥ. ಕೇಳುವುದಕ್ಕೆ ಇಂಪಾದ ಮಾತು. ನಾನೂ ಅದನ್ನೇ ನೆಚ್ಚಿಕೊಳ್ಳುತ್ತಿದ್ದೆನೇನೋ. ಆದರೆ ಬಾದಾಮಿಯ ಮೂರನೆಯ ಗುಹೆ ನೆನಪಾಯಿತು. 578ರ ಶಾಸನವಿರುವ ಆ ವಿಷ್ಣುವಿನ ಗುಹೆಯಲ್ಲಿ ಕಂಬಗಳ ಮೇಲಿನ ಬೋದಿಗೆಗಳಲ್ಲಿ ಗಂಡುಹೆಣ್ಣು ಒಬ್ಬರನ್ನೊಬ್ಬರು ಒರಗಿ ನಿಂತಿದ್ದಾರೆ. ಐಹೊಳೆಯ ಗುಡಿಯ ಕಂಬಗಳಲ್ಲಿಯೂ ಅಂಥವರೇ. ಅವರ ನಿಲುವಿನಲ್ಲಿ ಭಕ್ತನನ್ನು ಕೆಣಕುವ ಆಟವಿಲ್ಲ; ಬರುವವರನ್ನು ಎದುರುಗೊಳ್ಳುವ ಮನೆಯವರ ಹಾಗೆ ಕಾಣುತ್ತಾರೆ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದೇವಾಲಯದ ಬಾಗಿಲವಾಡವನ್ನು ಹೇಗೆ ಸಿಂಗರಿಸಬೇಕೆಂದು ಹೇಳುತ್ತಾನೆ: ಮಂಗಳಕರವಾದ ಹಕ್ಕಿಗಳು, ಶ್ರೀವೃಕ್ಷ, ಸ್ವಸ್ತಿಕ, ಪೂರ್ಣಕುಂಭ, ಎಲೆಬಳ್ಳಿ, ಜೊತೆಗೆ ಮಿಥುನ. ತುಂಬಿದ ಕೊಡದ ಪಕ್ಕದಲ್ಲಿಯೇ ಮಿಥುನ! ನಮ್ಮ ಮನೆಗಳ ಬಾಗಿಲಿಗೆ ಮಾವಿನ ತೋರಣ ಹೇಗೋ ಹಾಗೆ. ಬೆಳೆ, ಮಳೆ, ಸಂತಾನಗಳನ್ನು ಬೇಡುವ ಜನಕ್ಕೆ ಕೂಡಿದ ಜೋಡಿ ಶುಭದ ಗುರುತು. ಇದು ಹಿಂದೂ ಗುಡಿಗಳಿಗೆ ಮಾತ್ರ ಸೇರಿದ್ದೂ ಅಲ್ಲ. ಅದಕ್ಕೂ ಹಿಂದಿನ ಕಾರ್ಲೆಯ ಬೌದ್ಧ ಚೈತ್ಯದ ಮುಂಬಾಗಿಲಿನಲ್ಲಿಯೇ ಇಂಥ ಜೋಡಿಗಳು ನಿಂತಿವೆ. ಕೆಲವರು ಇದನ್ನು ದೃಷ್ಟಿಪರಿಹಾರವೆಂದೂ, ಸಿಡಿಲು ಬಡಿಯದಿರಲೆಂದು ಮಾಡಿದ್ದೆಂದೂ ಹೇಳುತ್ತಾರೆ. ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಬೊಂಬೆ ನಿಲ್ಲಿಸುವ ನಾವು ಅದನ್ನು ನಗುವುದಕ್ಕಾಗದು.

ಆದರೆ ತೋರಣದ ಮಾತು ಎಲ್ಲಕ್ಕೂ ಸಾಲದು. ಒರಗಿ ನಿಂತ ಜೋಡಿ ಬೇರೆ, ಹರಪನಹಳ್ಳಿ ಸೀಮೆಯ ಬಾಗಳಿಯ ಕಲ್ಲೇಶ್ವರನ ಗೋಡೆಯಲ್ಲಿಯೋ ಖಜುರಾಹೋದಲ್ಲಿಯೋ ಇರುವುದು ಬೇರೆ. ಅದನ್ನು ಕಣ್ಣಾರೆ ನೋಡದೆ ಮಾತಾಡಬಾರದೆಂದು, ಒಂದು ದಸರೆಯ ರಜೆಯಲ್ಲಿ ಮನೆಯವರನ್ನೂ ಕರೆದುಕೊಂಡು ಖಜುರಾಹೋಗೆ ಹೋದೆ. ಮಲ್ಲಯುದ್ಧದ ಕಥೆ ಅವರಿಗೆ ಗೊತ್ತಿತ್ತು.

ಚಂದೇಲ ಅರಸರು ಸುಮಾರು 950ರಿಂದ 1050ರ ವರೆಗೆ ಕಟ್ಟಿಸಿದ ಗುಡಿಗಳಲ್ಲಿ ಈಗ 25ರಷ್ಟು ಉಳಿದಿವೆ. 1838ರಲ್ಲಿ ಬರ್ಟ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಇವನ್ನು ಕಂಡು, ಕೆಲಸದ ಚೆಲುವನ್ನು ಕೊಂಡಾಡಿ, ಈ ಶಿಲ್ಪಗಳ ವಿಷಯಕ್ಕೆ ಬಂದಾಗ ಮುಜುಗರಪಟ್ಟುಕೊಂಡ. ನಮ್ಮ ನಾಚಿಕೆಯೆಲ್ಲ ಇಂಗ್ಲಿಷರಿಂದ ಬಂದದ್ದೆಂದು ಹೇಳುವವರುಂಟು. ಸ್ವಲ್ಪ ಹೌದು. ಆದರೆ ಬಳ್ಳಿಗಾವಿಯಲ್ಲಿ ನನ್ನ ನಾಲಿಗೆ ತೊದಲಿದ್ದಕ್ಕೆ ಆ ಬಡಪಾಯಿ ಸೇನಾಧಿಕಾರಿಯನ್ನು ಹೊಣೆ ಮಾಡಲಾರೆ.

ಅಲ್ಲಿ ನಮಗೆ ಸಿಕ್ಕಿದ ಮಾರ್ಗದರ್ಶಿ ಬಹಳ ಚುರುಕಿನ ಮನುಷ್ಯ. ಒಂದು ಮಿಥುನದಿಂದ ಇನ್ನೊಂದು ಮಿಥುನಕ್ಕೆ ನಮ್ಮನ್ನು ಓಡಿಸುತ್ತಿದ್ದ. ಅಂಥ ಶಿಲ್ಪಗಳು ಅಲ್ಲಿ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯೆಂಬುದು ಎಲ್ಲರೂ ಹೇಳುವ ಲೆಕ್ಕ. ಉಳಿದ ಒಂಬತ್ತು ಪಾಲಿನ ದೇವತೆಗಳು, ಆನೆಗಳು, ಅಪ್ಸರೆಯರು ಅವನ ಪಾಲಿಗೆ ಇರಲೇ ಇಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು; ಮರುಕ್ಷಣವೇ ನಾಚಿಕೆಯಾಯಿತು. ನಾನು ಮಕ್ಕಳನ್ನು ಅದರಿಂದ ಓಡಿಸಿದೆ, ಈತ ಜನರನ್ನು ಅದರ ಕಡೆಗೆ ಓಡಿಸುತ್ತಾನೆ. ಗುಡಿಯನ್ನು ನಿಂತು ನೋಡಲು ಇಬ್ಬರೂ ಬಿಡಲಿಲ್ಲ.

ಅವನನ್ನು ಬೀಳ್ಕೊಟ್ಟು ನಾವಿಬ್ಬರೇ ಕಂದರಿಯಾ ಮಹಾದೇವನ ಗುಡಿಯನ್ನು ಸುತ್ತಿದೆವು. ಸುಮಾರು 100 ಅಡಿ ಎತ್ತರದ ಶಿಖರ. ಅತ್ಯಂತ ಎದ್ದು ಕಾಣುವ ಮಿಥುನಗಳು ಎಲ್ಲೆಂದರಲ್ಲಿ ಇಲ್ಲ. ಜನ ಸೇರುವ ಮಹಾಮಂಟಪವೂ ದೇವರಿರುವ ಗರ್ಭಗೃಹವೂ ಕೂಡುವ ಕಡೆಯ ಗೋಡೆಯಲ್ಲಿವೆ. ಈ ಶಿಲ್ಪಗಳ ವಿಷಯವಾಗಿ 1975ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ ವಿದುಷಿ ದೇವಾಂಗನಾ ದೇಸಾಯಿಯವರು ಮುಂದೆ ಖಜುರಾಹೋದ ಮೇಲೆ ಬರೆದಾಗ ಇದನ್ನು ಎತ್ತಿ ತೋರಿಸಿದ್ದಾರೆ: ಅದು ಸಂಧಿಸ್ಥಾನ, ಎರಡು ಕಟ್ಟಡ ಕೂಡುವಲ್ಲಿ ಎರಡು ದೇಹ ಕೂಡುವ ಚಿತ್ರ, ಶಿಲ್ಪಿಯದು ಒಂದು ಶ್ಲೇಷೆ. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ. 20 ವರ್ಷದಿಂದ ಲೋಪ, ಆಗಮ, ಆದೇಶವೆಂದು ಸಂಧಿಯನ್ನು ಪಾಠ ಮಾಡಿದವನು ನಾನು! ಗೋಡೆಗೂ ಸಂಧಿಯುಂಟೆಂದು ನನಗೆ ಹೊಳೆದಿರಲಿಲ್ಲ.

ಅದೇ ವಿದುಷಿ ಇನ್ನೂ ಒಂದು ಕಟುವಾದ ಮಾತು ಹೇಳುತ್ತಾರೆ. ಸುಮಾರು 900ರಿಂದ ಮುಂದಕ್ಕೆ ಗುಡಿ ಕಟ್ಟಿಸುವವರು ಅರಸರು, ಸಾಮಂತರು. ಅವರ ಭೋಗದ ರುಚಿಯೂ ಗೋಡೆಗೆ ಹತ್ತಿತು. ಕೆಲವು ಚಿತ್ರಗಳು ಕಾಪಟ್ಯದ ಸಂನ್ಯಾಸಿಗಳನ್ನು ಹಂಗಿಸುವಂಥವು. ಚಂದೇಲ ಕೀರ್ತಿವರ್ಮನ ಕಾಲದಲ್ಲಿಯೇ ಆಡಿದ ಕೃಷ್ಣಮಿಶ್ರನ 'ಪ್ರಬೋಧಚಂದ್ರೋದಯ' ನಾಟಕವೂ ಅಂಥವರನ್ನು ನಗೆಗೀಡುಮಾಡುತ್ತದೆ. ಆದ್ದರಿಂದ ಎಲ್ಲ ಮಿಥುನವನ್ನೂ ಜೀವಾತ್ಮ ಪರಮಾತ್ಮರ ಐಕ್ಯವೆಂದು ಒಂದೇ ಉಸಿರಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದೂ ಒಂದು ಬಗೆಯ ಮಲ್ಲಯುದ್ಧವೇ. ಒಂದು ಕಡೆ ಅದು ತೋರಣ, ಒಂದು ಕಡೆ ಶ್ಲೇಷೆ, ಒಂದು ಕಡೆ ವಿಡಂಬನೆ, ಒಂದು ಕಡೆ ಧಣಿಯ ಶೋಕಿ. ಯಾವುದು ಎಲ್ಲಿದೆಯೆಂದು ತಿಳಿಯಬೇಕಾದರೆ ಮೊದಲು ನೋಡಬೇಕು.

ಲಕ್ಷ್ಮಣ ದೇವಾಲಯದ ಜಗತಿಯ ಪಟ್ಟಿಕೆಯನ್ನು ನೋಡುತ್ತಿದ್ದೆವು. ಆನೆ, ಕುದುರೆ, ಕಾಲಾಳುಗಳ ಮೆರವಣಿಗೆಯ ನಡುವೆ ಹೇಳಲು ಬಾರದಂಥ ಒಂದು ದೃಶ್ಯ. ಅದರ ಪಕ್ಕದಲ್ಲಿ ನಿಂತ ಆಕೃತಿಯೊಂದು ಕೈಯಿಂದ ಮುಖ ಮುಚ್ಚಿಕೊಂಡಿದೆ. ಮನೆಯವರು ಸ್ವಲ್ಪ ಹೊತ್ತು ನೋಡಿ, "ರೀ, ನಿಮ್ಮನ್ನೂ ಕೆತ್ತಿದ್ದಾರೆ" ಎಂದರು.

ನಗು ಬಂತು. ಆದರೆ ಆ ಮಾತು ಊರಿಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಹಿಂದಿನವರಿಗೆ ನಾಚಿಕೆಯೇ ಇರಲಿಲ್ಲವೆನ್ನುವುದು ಸುಳ್ಳು. ನಾಚಿಕೆಯೂ ಇತ್ತು, ಅದನ್ನೂ ಕೆತ್ತಿದರು. ಕೂಡುವವರೂ ನಾಚುವವರೂ ಇಬ್ಬರೂ ಇರುವುದೇ ಲೋಕ, ಆ ಲೋಕವೇ ಗುಡಿಯ ಹೊರಗೋಡೆ ಎಂದು ಆ ಶಿಲ್ಪಿ ಬಗೆದಿದ್ದಿರಬೇಕು.

ಬಳ್ಳಿಗಾವಿಗೆ ಸೇರಿದ 1162ರ ಶಾಸನವೊಂದು ಅಲ್ಲಿಯ ಕೋಡಿಯ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ವೇದಗಳನ್ನು ಓದಿಸುತ್ತಿದ್ದರು. ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳನ್ನೂ, ನ್ಯಾಯ ಸಾಂಖ್ಯಗಳನ್ನೂ, ಕಾವ್ಯ ನಾಟಕಗಳನ್ನೂ ಹೇಳಿಕೊಡುತ್ತಿದ್ದರು. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಆ ಮಠದ ಹುಡುಗರೂ ತ್ರಿಪುರಾಂತಕನ ಗುಡಿಯನ್ನು ಸುತ್ತಿರಬೇಕು, ಆ ಪಟ್ಟಿಕೆಯ ಮುಂದೆ ಬಗ್ಗಿರಬೇಕು. ಅವರ ಗುರುಗಳು ಏನು ಹೇಳಿದರೋ ಶಾಸನ ತಿಳಿಸುವುದಿಲ್ಲ. ಮಲ್ಲಯುದ್ಧವೆಂದಿರಲಾರರು ಎಂದು ನನ್ನ ನಂಬಿಕೆ.

ಮರುವರ್ಷದ ಪ್ರವಾಸದಲ್ಲಿ ಮತ್ತೆ ಅಲ್ಲಿಗೆ ಹೋದೆವು. ಈ ಸಲ ಯಾರೂ ಕೇಳುವ ಮೊದಲೇ ನಾನು ಕುಕ್ಕರುಗಾಲಿನಲ್ಲಿ ಕುಳಿತು, ಬೆರಳಿಟ್ಟು ತೋರಿಸಿ, "ಇದು ಮಿಥುನ ಶಿಲ್ಪ, ಗಂಡುಹೆಣ್ಣಿನ ಕೂಟ" ಎಂದೆ. ಗಂಟಲು ಒಣಗಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಯಾರೋ ಕೆಮ್ಮಿದರು. ಆಮೇಲೆ ಒಬ್ಬ ಹುಡುಗ, "ಇಷ್ಟು ಚಿಕ್ಕದಾಗಿ ಏಕೆ ಮಾಡಿದ್ದಾರೆ ಸಾರ್, ಯಾರಿಗೂ ಕಾಣದ ಹಾಗೆ?" ಎಂದ. ಒಳ್ಳೆಯ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಎಲ್ಲರೂ ಕುಳಿತು ನೋಡಿದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು.

ಮೊದಲ ಸಾಲಿನ ಆ ಹುಡುಗಿ ಅಷ್ಟರಲ್ಲಿ ಕಾಲೇಜು ಬಿಟ್ಟಿದ್ದಳು. ಈಗ ಯಾವುದೋ ಪ್ರೌಢಶಾಲೆಯಲ್ಲಿ ಕನ್ನಡದ ಉಪಾಧ್ಯಾಯಿನಿಯಾಗಿದ್ದಾಳೆಂದು ಕೇಳಿದ್ದೇನೆ. ಒಂದಲ್ಲ ಒಂದು ದಿನ ಅವಳೂ ಮಕ್ಕಳನ್ನು ಕರೆದುಕೊಂಡು ಬಳ್ಳಿಗಾವಿಗೆ ಹೋದಾಳು. ಅವಳ ವರದಿ ಇನ್ನೂ ನನ್ನ ಬೀರುವಿನಲ್ಲಿದೆ. ಆ ಕೆಂಪು ರೈಟೂ ಹಾಗೆಯೇ ಇದೆ. ಅಂದು ಅವಳು ನನ್ನನ್ನು ನಂಬಿರದಿದ್ದರೆ ಸಾಕು.