ರೈಲು ಹೋಗಲಿ, ಆಮೇಲೆ ಹಾಡು ದೊಡ್ಡಮ್ಮ

ಅರಸೀಕೆರೆಯಲ್ಲಿ ಹುಟ್ಟಿ ಬೆಳೆದವರಿಗೆ ರೈಲಿನ ಸದ್ದು ಉಸಿರಾಟದ ಹಾಗೆ. ಬೆಂಗಳೂರು, ಹುಬ್ಬಳ್ಳಿ, ಹಾಸನ-ಮೈಸೂರು ಕಡೆಯ ಹಳಿಗಳು ಕೂಡುವ ಜಂಕ್ಷನ್ ಅದು. ರಾತ್ರಿ ಗೂಡ್ಸ್ ಗಾಡಿ ಹೋದರೆ ಹಳಿ ಪಕ್ಕದ ಮನೆಗಳ ಷೆಲ್ಫಿನಲ್ಲಿ ಲೋಟಗಳು ಸಣ್ಣಗೆ ನಡುಗುತ್ತವೆ, ಮಲಗಿದವರು ಮಾತ್ರ ಮಗ್ಗುಲು ಬದಲಿಸುವುದಿಲ್ಲ. ಬೇಡದ್ದನ್ನು ನಮ್ಮ ಮನಸ್ಸು ತಾನಾಗಿ ಬದಿಗೆ ಸರಿಸುತ್ತದೆ. ಮೈಕಿಗೆ ಆ ವಿವೇಕ ಇಲ್ಲ. ಹಾಡು, ಫ್ಯಾನು, ಪಕ್ಕದ ಮನೆ ಕುಕ್ಕರ್ ಎಲ್ಲವೂ ಅದಕ್ಕೆ ಒಂದೇ. ಧ್ವನಿಮುದ್ರಣದ ಬಗ್ಗೆ ಏನೇ ಹೇಳಲು ಕೂತರೂ ನಾನು ಇಲ್ಲಿಂದಲೇ ಶುರುಮಾಡುವುದು.

ನನಗೆ ಇದು ತಿಳಿದದ್ದು ತಡವಾಗಿ. ನಮ್ಮ ದೊಡ್ಡಮ್ಮನಿಗೆ ಹಸೆಗೆ ಕರೆಯುವ ಪದದಿಂದ ಹಿಡಿದು ಹೆಣ್ಣೊಪ್ಪಿಸುವ ಪದದವರೆಗೆ ಸೋಬಾನೆಯೆಲ್ಲ ಬಾಯಲ್ಲೇ ಇತ್ತು. ಒಂದು ಮದುವೆಮನೆಯಲ್ಲಿ ಫೋನನ್ನು ಕಿಟಕಿಕಟ್ಟೆಯ ಮೇಲಿಟ್ಟು, ಎಂಟು ಅಡಿ ಆಚೆ ಆಕೆಯನ್ನು ಕೂರಿಸಿ ಹಾಡಿಸಿದೆ. ಮುಗಿದ ಮೇಲೆ ಆಕೆ, ‘ಸರಿಯಾಗಿ ಬಂತಾ ಮಗಾ?’ ಅಂತ ಕೇಳಿದಳು. ‘ಬಂತು ದೊಡ್ಡಮ್ಮ’ ಅಂದೆ, ಕೇಳಿ ನೋಡಲಿಲ್ಲ. ಈಗ ಆಕೆ ಇಲ್ಲ. ಉಳಿದಿರುವುದು ಆ ಮುದ್ರಣವೊಂದೇ. ಅದರಲ್ಲಿ ಫ್ಯಾನಿನ ಗರಗರ ಇದೆ, ಪಾತ್ರೆಯ ಸದ್ದು ಇದೆ, ಬರಿಗೋಡೆಗೆ ಬಡಿದು ಬಂದ ಮಾರ್ದನಿ ಇದೆ, ಇವುಗಳ ಹಿಂದೆಲ್ಲೋ ದೊಡ್ಡಮ್ಮ ಇದ್ದಾಳೆ. ಮೂರನೆಯ ಪದದ ಒಂದು ಸಾಲನ್ನು ರೈಲಿನ ಹಾರ್ನ್ ಪೂರ್ತಿ ನುಂಗಿದೆ. ಕಂಪ್ಯೂಟರಿನಲ್ಲಿ ಎಷ್ಟು ರಾತ್ರಿ ಕೂತರೂ ಆ ಸಾಲು ಬರಲಿಲ್ಲ. ಹಿಡಿಯುವಾಗ ತಪ್ಪಿದ್ದನ್ನು ಮಿಕ್ಸಿಂಗ್ ತಂದುಕೊಡುವುದಿಲ್ಲ.

ಆವತ್ತು ಬೇಕಿದ್ದದ್ದು ದುಬಾರಿ ಮೈಕ್ ಅಲ್ಲ, ಏಳು ಹೆಜ್ಜೆಯೂ ಇಲ್ಲದ ಒಂದು ಸಣ್ಣ ಬದಲಾವಣೆ. ಮೈಕಿಗೂ ಬಾಯಿಗೂ ನಡುವಿನ ದೂರ ಅರ್ಧವಾದರೆ ನೇರ ಧ್ವನಿ ಸುಮಾರು 6 ಡೆಸಿಬಲ್ ಏರುತ್ತದೆ. ಎಂಟು ಅಡಿಯನ್ನು ಒಂದು ಅಡಿಗೆ ತಂದಿದ್ದರೆ 18 ಡೆಸಿಬಲ್ ಸಿಗುತ್ತಿತ್ತು, ಫ್ಯಾನಿನ ಸದ್ದು ಇದ್ದಲ್ಲೇ ಇರುತ್ತಿತ್ತು. ಹಾಗಂತ ತುಟಿಗೇ ಹಿಡಿಯಬಾರದು, ‘ಪ’ ‘ಬ’ ಅಂದಾಗಲೆಲ್ಲ ಉಸಿರು ಮೈಕಿಗೆ ಗುದ್ದುತ್ತದೆ. ಒಂದು ಗೇಣಿನಿಂದ ಒಂದು ಅಡಿಯೊಳಗೆ, ಬಾಯಿಗೆ ನೇರವಾಗಿ ಅಲ್ಲದೆ ಸ್ವಲ್ಪ ಓರೆಯಾಗಿ ಇಟ್ಟರೆ ಸಾಕು. ಮಟ್ಟ ತೋರಿಸುವ ಮುಳ್ಳು ಜೋರಾಗಿ ಹಾಡುವಾಗಲೂ ಮೈನಸ್ 12 ಡೆಸಿಬಲ್‌ನ ಆಸುಪಾಸು ಇರಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿಯೂ ರೈಲು ನುಂಗಿದ ಸಾಲಿನ ಹಾಗೆಯೇ, ಹೋಯಿತೆಂದರೆ ಹೋಯಿತು.

ದೂರದ ಮಾತು ಬಂದಾಗ ಗಾಯಕಿ ಗೌಹರ್ ಜಾನ್ ನೆನಪಾಗುತ್ತಾರೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಎಂಬಾತ ಅವರ ಹಾಡು ಮುದ್ರಿಸಿಕೊಂಡಾಗ ವಿದ್ಯುತ್ ಮೈಕ್ ಇರಲಿಲ್ಲ. ದೊಡ್ಡ ಕೊಳವೆಯೊಳಗೆ ಹಾಡಬೇಕು, ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಸಬೇಕು. ಜೋರಾದ ವಾದ್ಯದವರು ಕೊಳವೆಯಿಂದ ದೂರ ಕೂರಬೇಕು, ಹಾಡುವವರು ತಾರಸ್ಥಾಯಿಯಲ್ಲಿ ಹಿಂದೆ ಸರಿದು ಮಂದ್ರದಲ್ಲಿ ಮುಂದೆ ಬರಬೇಕು. ಆಗಿನ ಮಿಕ್ಸಿಂಗ್ ಕಾಲಿನ ಕೆಲಸ. 1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಂದ ಮೇಲಷ್ಟೇ ಅದು ಕೈಗೆ ಬಂತು. ಹಾಡು ಮುಗಿಸಿದ ಕೂಡಲೇ ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು, ಜರ್ಮನಿಯಲ್ಲಿ ತಟ್ಟೆ ಅಚ್ಚು ಮಾಡುವವರಿಗೆ ಹಾಡಿದವರು ಯಾರೆಂದು ಗೊತ್ತಾಗಲಿ ಎಂದು. ಕೊನೆಗಾಲಕ್ಕೆ ಮೈಸೂರು ಆಸ್ಥಾನಕ್ಕೆ ಬಂದ ಅವರು 1930ರಲ್ಲಿ ಅಲ್ಲೇ ತೀರಿಕೊಂಡರು. ಆ ಹೆಸರು ಮಾತ್ರ ತಟ್ಟೆಯಲ್ಲಿ ಇಂದಿಗೂ ಅವರ ದನಿಯಲ್ಲೇ ಇದೆ.

ಅದೇ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ನಮಗೆ ಬಳಕೆಯಾದದ್ದು ಅಲ್ಲಿಂದ. ಸ್ಟುಡಿಯೋ ಇಲ್ಲವಲ್ಲ ಅಂತ ಕೈಕಟ್ಟಿ ಕೂತವರಿಗೆಲ್ಲ ನಾನು ಆ ಮನೆಯ ವಿಷಯ ಹೇಳುತ್ತೇನೆ.

ಮನೆಯಲ್ಲೇ ಹಾಡಿಸುವುದಾದರೆ ನಮ್ಮ ಸೀಮೆಗೆ ತೆಂಗು ಇದೆ. ನಾರಿನ ದಪ್ಪ ಹಾಸಿಗೆಗಳನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದರೆ ಮಾರ್ದನಿಯನ್ನು ಚೆನ್ನಾಗಿ ಹೀರುತ್ತವೆ. ಒಂದೇ ಪದರದ ಗೋಣಿ ತೂಗುಹಾಕಿದರೆ ಕೀಚಲು ದನಿಯಷ್ಟೇ ಕಡಿಮೆಯಾಗುತ್ತದೆ. ಗೂಡ್ಸ್ ಗಾಡಿಯ ಗುಡುಗು ಎರಡಕ್ಕೂ ಬಗ್ಗುವುದಿಲ್ಲ. ದೂರದಿಂದ ಬರುವ ಆ ಗುಡುಗನ್ನು 80 ಹರ್ಟ್ಸ್‌ನ ಕೆಳಗೆ ಕತ್ತರಿಸಬಹುದು, ಹೆಂಗಸರ ದನಿ ಅದಕ್ಕಿಂತ ಬಹಳ ಮೇಲಿರುವುದರಿಂದ ಹಾಡಿಗೆ ನಷ್ಟವಿಲ್ಲ. ಹಾರ್ನಿಗೆ ಮಾತ್ರ ಮದ್ದಿಲ್ಲ. ಅದು ದನಿಯ ಜಾಗದಲ್ಲೇ ಬಂದು ಕೂರುತ್ತದೆ. ಕಾಯಬೇಕು.

ಇನ್ನು ಮಿಕ್ಸಿಂಗ್. ಇದನ್ನು ನನಗೆ ತಿಳಿಸಿಕೊಟ್ಟದ್ದು ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ನೋಡುವಾಗ ಎಲ್ಲರ ಕಣ್ಣೂ ಮುಖಕ್ಕೆ ಹೋಗುತ್ತದೆ. ಒಮ್ಮೆ ಪಾದದ ಬಳಿ ನೋಡಿ. ಕುಣಿಯುವವಳ ಎಡಬಲದಲ್ಲಿ ಮದ್ದಳೆಯವರು, ತಾಳದವರು ಅವಳ ಮೊಣಕಾಲೆತ್ತರಕ್ಕೆ ನಿಂತಿದ್ದಾರೆ. ಕುಣಿತ ನಡುವೆ, ಹಿಮ್ಮೇಳ ಎರಡು ಬದಿಗೆ, ಯಾರೂ ಯಾರನ್ನೂ ಮರೆಮಾಡಿಲ್ಲ. ಚಿಕ್ಕವರೆಂದು ಶಿಲ್ಪಿ ಅವರನ್ನು ಮಸುಕು ಮಾಡಿಲ್ಲ, ವಾದ್ಯದ ಮೇಲಿನ ಕೈಯೂ ಸ್ಪಷ್ಟ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ನರ್ತನದ ಶಿಲ್ಪಗಳಲ್ಲೂ ಇದೇ ಏರ್ಪಾಟು. ಒಳ್ಳೆಯ ಮಿಕ್ಸಿಂಗ್ ಎಂದರೆ ಇಷ್ಟೇ: ಮೆಲುವಾದದ್ದು ಮಸುಕಾಗಬಾರದು. ಹಾಡು ಕೇಳಿಸದಿದ್ದರೆ ಹಾಡನ್ನು ಏರಿಸಲು ಹೋಗಬೇಡಿ, ಹಾರ್ಮೋನಿಯಮ್ಮಿನಲ್ಲಿ ಹಾಡಿನ ಜಾಗಕ್ಕೆ ಬಂದು ಕೂತ ಭಾಗವನ್ನು ತುಸು ತಗ್ಗಿಸಿ.

ಬೇಲೂರಿನ ಆ ಗುಡಿಯ ಒಳಗೆ ನುಣುಪಾದ ಕಲ್ಲು ಯಾವ ದನಿಯನ್ನೂ ಹೀರುವುದಿಲ್ಲ, ಹಿಂದಕ್ಕೆ ಕೊಡುತ್ತದೆ. ಓಲಗಕ್ಕೆ ಅದು ಭೂಷಣ, ಮಾತಿಗೆ ಕಷ್ಟ. ಈಗ ಅಂಥ ಗುಂಗನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಸೇರಿಸಬಹುದು, ಒಮ್ಮೆ ಹಾಡಿನ ಜೊತೆ ಮುದ್ರಣವಾದ ಗುಂಗನ್ನು ಬಿಡಿಸುವುದು ಮಾತ್ರ ಬಹಳ ಕಷ್ಟ. ಅನುಮಾನವಿದ್ದರೆ ನಾರಿನ ಹಾಸಿಗೆಯ ಕೋಣೆಯೇ ವಾಸಿ.

ನಮ್ಮ ಸೀಮೆಯಲ್ಲಿ ಇನ್ನೂ ಸೋಬಾನೆ ಹಾಡುವವರಿದ್ದಾರೆ, ವೀರಗಾಸೆಯ ಚಮಾಳ ಇದೆ, ಮೂಡಲಪಾಯದ ಮುಖವೀಣೆ ಇದೆ. ನಿಮ್ಮ ಮನೆಯಲ್ಲೂ ಒಬ್ಬ ದೊಡ್ಡಮ್ಮ ಇರುತ್ತಾಳೆ. ಈ ಭಾನುವಾರವೇ ಹೋಗಿ. ಫ್ಯಾನ್ ಆರಿಸಿ, ಹತ್ತಿರ ಕೂತು, ‘ರೈಲು ಹೋಗಲಿ, ಆಮೇಲೆ ಹಾಡು ದೊಡ್ಡಮ್ಮ’ ಅನ್ನಿ. ಹಾಡು ಮುಗಿದ ಮೇಲೆ ಅವಳ ಹೆಸರು, ತವರೂರು, ಆ ಪದ ಯಾರಿಂದ ಕಲಿತದ್ದು ಅನ್ನುವುದನ್ನು ಅವಳ ಬಾಯಿಂದಲೇ ಹೇಳಿಸಿ. ಎರಡು ಕಡೆ ಪ್ರತಿ ತೆಗೆದಿಡಿ. ಅವಳು ‘ಬಂತಾ?’ ಅಂತ ಕೇಳಿದರೆ ಉತ್ತರ ಕೊಡುವ ಮೊದಲು ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಪೂರ್ತಿ ಕೇಳಿ.