ಪಾಯಿಂಟಿಗೆ ಸಿಗದ ಕೆಲಸ

ನಾನು ಅಮೆರಿಕದ ಒಹಾಯೊದಲ್ಲಿ ಹಾಸ್ಪಿಟಲಿಸ್ಟ್. ಅಂದರೆ ಆಸ್ಪತ್ರೆಗೆ ಅಡ್ಮಿಟ್ ಆದವರನ್ನು ಮಾತ್ರ ನೋಡಿಕೊಳ್ಳುವ ಡಾಕ್ಟರ್. ಓಪಿಡಿ ಇಲ್ಲ, ಸ್ವಂತ ಕ್ಲಿನಿಕ್ ಇಲ್ಲ. ಏಳು ದಿನ ಕೆಲಸ, ಏಳು ದಿನ ರಜೆ. ಈ ಹೆಸರು ಚಾಲ್ತಿಗೆ ಬಂದಿದ್ದೇ 1996ರಲ್ಲಿ. ಹಾಗಾಗಿ ಊರಲ್ಲಿ ಹೇಳಿದರೆ "ಅಂದ್ರೆ ಡ್ಯೂಟಿ ಡಾಕ್ಟ್ರಾ?" ಅಂತ ಕೇಳುತ್ತಾರೆ. ಹೆಚ್ಚುಕಮ್ಮಿ ಹೌದು ಅಂದುಬಿಡುತ್ತೇನೆ.

ಈ ವರ್ಷ ನನ್ನ ಕಾಂಟ್ರಾಕ್ಟ್ ಮುಗಿಯುತ್ತಿದೆ. ಆಸ್ಪತ್ರೆಯವರು ಎರಡು ಆಯ್ಕೆ ಕೊಟ್ಟಿದ್ದಾರೆ. ಒಂದು, ಈಗಿನ ಹಾಗೇ ಫಿಕ್ಸೆಡ್ ಸಂಬಳ. ಇನ್ನೊಂದು, ಮೂಲ ಸಂಬಳ ಕಡಿಮೆ, ಅದರ ಮೇಲೆ ಮಾಡಿದ ಕೆಲಸಕ್ಕೆ ತಕ್ಕಷ್ಟು ದುಡ್ಡು. ಎಕ್ಸೆಲ್ ಶೀಟಿನಲ್ಲಿ ಹಾಕಿ ನೋಡಿದರೆ ಎರಡನೆಯದರಲ್ಲೇ ಲಾಭ. ಆದರೂ ಮೂರು ವಾರದಿಂದ ಸಹಿ ಹಾಕಿಲ್ಲ.

"ಮಾಡಿದ ಕೆಲಸ" ಅನ್ನುವುದನ್ನು ಇಲ್ಲಿ ಅಳೆಯುವುದು ಆರ್‌ವಿಯು ಎಂಬ ಪಾಯಿಂಟಿನಲ್ಲಿ. ಹಾರ್ವರ್ಡ್‌ನ ವಿಲಿಯಂ ಶಾವ್ ಮತ್ತು ಅವರ ತಂಡ 1980ರ ದಶಕದಲ್ಲಿ ಕೂತು, ಯಾವ ವೈದ್ಯಕೀಯ ಕೆಲಸಕ್ಕೆ ಎಷ್ಟು ಸಮಯ, ಎಷ್ಟು ಕೌಶಲ, ಎಷ್ಟು ಒತ್ತಡ ಅಂತ ಲೆಕ್ಕ ಹಾಕಿದರು. 65 ದಾಟಿದವರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇರ್ ಇದನ್ನು 1992ರಲ್ಲಿ ಜಾರಿಗೆ ತಂದಿತು. ಆಗ ಒಂದು ಪೂರ್ತಿ ಆರ್‌ವಿಯುಗೆ ಮೆಡಿಕೇರ್ ಕೊಡುತ್ತಿದ್ದದ್ದು ಸುಮಾರು 31 ಡಾಲರ್. 2025ರಲ್ಲಿ 32 ಡಾಲರ್ 35 ಸೆಂಟ್. ಮೂವತ್ಮೂರು ವರ್ಷದಲ್ಲಿ ಏರಿದ್ದು ಇಷ್ಟೇ. ದರ ಏರದಿದ್ದಾಗ ಆದಾಯ ಏರಿಸಲು ಉಳಿಯುವ ದಾರಿ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ: ಇನ್ನಷ್ಟು ರೋಗಿಗಳು, ಇನ್ನಷ್ಟು ಬೇಗ.

ಡಾಕ್ಟರ ಸಂಬಳಕ್ಕೆ ಹಿಡಿಯುವುದು ಇದರಲ್ಲಿ ಅವರ ಸ್ವಂತ ಶ್ರಮದ ಭಾಗವನ್ನು ಮಾತ್ರ. ಓಪಿಡಿಯಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಹಳೆಯ ರೋಗಿಯೊಬ್ಬರ ಸಾಮಾನ್ಯ ಭೇಟಿಗೆ 1.30 ಪಾಯಿಂಟ್. ಸ್ವಲ್ಪ ಜಟಿಲವಾಗಿದ್ದರೆ 1.92. ನಲವತ್ತು ನಿಮಿಷ ಕೂತು, ಶುಗರ್ ಯಾಕೆ ಹತೋಟಿಗೆ ಬರುತ್ತಿಲ್ಲ, ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಪೂರ್ತಿ ಕೇಳಿದರೆ 2.80. ಅದೇ ನಲವತ್ತು ನಿಮಿಷದಲ್ಲಿ 1.92ರ ಇಬ್ಬರನ್ನು ಮುಗಿಸಿದರೆ 3.84. ಕೇಳಿಸಿಕೊಳ್ಳಬೇಡಿ ಅಂತ ಯಾರೂ ಹೇಳಿಲ್ಲ. ಆದರೆ ಲೆಕ್ಕ ಹೇಳುತ್ತಲೇ ಇರುತ್ತದೆ.

ಆದರೂ ಓಪಿಡಿ ಡಾಕ್ಟರಿಗೆ ದಿನದ ಅಪಾಯಿಂಟ್‌ಮೆಂಟ್‌ಗಳ ಮೇಲೆ ಒಂಚೂರು ಹಿಡಿತ ಇದೆ. ವಾರ್ಡಿನಲ್ಲಿ ಅದೂ ಇಲ್ಲ. ಎಷ್ಟು ಜನ ಬರುತ್ತಾರೆ ಅನ್ನುವುದನ್ನು ತೀರ್ಮಾನಿಸುವುದು ಎಮರ್ಜೆನ್ಸಿ ವಿಭಾಗ, ಖಾಲಿ ಹಾಸಿಗೆ, ಚಳಿಗಾಲದ ಫ್ಲೂ. ದೊಡ್ಡ ಅಡ್ಮಿಷನ್‌ಗೆ 3.50. ಮಾರನೇ ದಿನದಿಂದ ದಿನಕ್ಕೊಂದು ವಿಸಿಟ್: 1.00, 1.59 ಅಥವಾ 2.40. ಬೆಳಿಗ್ಗೆ ನೋಡಿದವರನ್ನು ಮಧ್ಯಾಹ್ನ ಉಸಿರಾಟ ಏರುಪೇರಾಯಿತು ಅಂತ ಮತ್ತೆ ನೋಡಿದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಒಂದೇ ವಿಸಿಟ್. ಡಿಸ್ಚಾರ್ಜ್ ಅರ್ಧ ಗಂಟೆಯೊಳಗೆ ಮುಗಿದರೆ 1.50. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ 2.15, ಅದು ಮೂವತ್ತೊಂದು ನಿಮಿಷವಾದರೂ ಅಷ್ಟೇ, ಎರಡು ಗಂಟೆಯಾದರೂ ಅಷ್ಟೇ.

ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಈ ಪಾಯಿಂಟಿನ ಸಂಬಳವೇ ಇತ್ತು. ಪ್ರತಿ ತಿಂಗಳು ನಮ್ಮೆಲ್ಲರ ಹೆಸರು, ಪಾಯಿಂಟು, ರ‍್ಯಾಂಕು ಇರುವ ಪಟ್ಟಿ ಮೇಲ್‌ನಲ್ಲಿ ಬರುತ್ತಿತ್ತು. ಅಲ್ಲಿ ಪಟ್ಟಿಯ ಮೇಲಿದ್ದವರೆಲ್ಲ ಕೆಟ್ಟ ಡಾಕ್ಟರುಗಳು ಅಂತ ನಾನು ಖಂಡಿತ ಹೇಳಲ್ಲ. ಕೆಲವರು ನಿಜಕ್ಕೂ ಚುರುಕು, ಅವರಿಂದ ಕಲಿತಿದ್ದೇನೆ. ಆದರೆ ಒಂದು ಸಂಗತಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನರ್ಸಿಂಗ್ ಹೋಮಿಗೆ ಹೋಗಲು ವಿಮೆಯ ಒಪ್ಪಿಗೆ ಕಾಯುತ್ತಾ ಮಲಗಿರುವ, ಬೇರೇನೂ ತೊಂದರೆ ಇಲ್ಲದ ಅಜ್ಜನನ್ನು ನೋಡಲು ಐದು ನಿಮಿಷ ಸಾಕು. ದಿನಕ್ಕೊಂದು ಪಾಯಿಂಟ್ ತಪ್ಪದೆ ಬರುತ್ತದೆ. ಆ ಅಜ್ಜನನ್ನು ಬೇಗ ಕಳಿಸಬೇಕು ಅಂದರೆ ವಿಮಾ ಕಂಪನಿಯ ಜತೆ ಅರ್ಧ ಗಂಟೆ ಫೋನಿನಲ್ಲಿ ಗುದ್ದಾಡಬೇಕು. ಆ ಅರ್ಧ ಗಂಟೆಗೆ ಪಾಯಿಂಟ್ ಸೊನ್ನೆ.

ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ಹಂಗಾದ್ರೆ ಜನಕ್ಕೆ ಕಾಯಿಲೆ ಬರ್ಲಿ ಅಂತ ಅನ್ಸಲ್ವೇನೇ ನಿಂಗೆ?"

ಇಲ್ಲಮ್ಮ, ಹಾಗೆ ಅನಿಸಲ್ಲ. ಹಾಸಿಗೆಗಳು ಹೇಗೂ ತುಂಬಿರುತ್ತವೆ. ಸಂಬಳದ ಸೂತ್ರ ಮನಸ್ಸನ್ನು ಅಷ್ಟು ಕೆಡಿಸಲ್ಲ. ಅದು ಮಾಡುವ ಕೆಲಸ ಇನ್ನೂ ಚಿಕ್ಕದು. ಸಂಜೆ ನಾಲ್ಕಕ್ಕೆ, ಇನ್ನು ಮೂರೇ ಗಂಟೆ ಉಳಿದಿರುವಾಗ, ಮೊದಲು ಯಾವ ರೂಮಿಗೆ ಹೋಗಬೇಕು ಅನ್ನುವುದರಲ್ಲಿ ಅದು ಕೈ ಹಾಕುತ್ತದೆ. ಎಮರ್ಜೆನ್ಸಿಯಲ್ಲಿ ಕಾಯುತ್ತಿರುವ ಹೊಸ ಅಡ್ಮಿಷನ್‌ಗೋ, ಅಥವಾ "ನಮ್ಮಪ್ಪ ಉಳೀತಾರಾ?" ಅಂತ ಮೂರನೇ ಸಲ ಕೇಳುತ್ತಿರುವ ಮಗಳ ಹತ್ತಿರಕ್ಕೋ? ಎರಡೂ ಮಾಡಬೇಕಾದ ಕೆಲಸಗಳೇ. ಮೊದಲನೆಯದು ಪಟ್ಟಿಯಲ್ಲಿ ಕಾಣುತ್ತದೆ, ಅಷ್ಟೇ.

ಹಾಗಂತ ಫಿಕ್ಸೆಡ್ ಸಂಬಳವೇ ಸತ್ಯಯುಗವೇನಲ್ಲ. ಈಗಿರುವ ಕಡೆ ಸಂಜೆ ಆರೂವರೆಗೆ ಎಮರ್ಜೆನ್ಸಿಯಿಂದ ಫೋನ್ ಬಂದರೆ "ನೈಟ್‌ನವರು ನೋಡ್ಕೊಳ್ತಾರೆ ಬಿಡಿ" ಅನ್ನುವವರಿದ್ದಾರೆ. ಹದಿನೆಂಟು ರೋಗಿಗಳನ್ನು ನೋಡಿದವರಿಗೂ ಹನ್ನೊಂದು ನೋಡಿ ಜಾರಿಕೊಂಡವರಿಗೂ ಅದೇ ಸಂಬಳ. ಆ ಸಿಟ್ಟು ನನಗೂ ಬಂದಿದೆ. ಮೇಯೊ ಕ್ಲಿನಿಕ್, ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಎರಡೂ ಡಾಕ್ಟರುಗಳಿಗೆ ಸಂಬಳವನ್ನೇ ಕೊಡುತ್ತವೆ. ಆದರೆ ಕ್ಲೀವ್‌ಲ್ಯಾಂಡ್‌ನಲ್ಲಿ ಕಾಂಟ್ರಾಕ್ಟ್ ಒಂದೊಂದೇ ವರ್ಷದ್ದು, ಪ್ರತಿ ವರ್ಷವೂ ಪರಿಶೀಲನೆ. ಸಂಬಳ ಕೊಟ್ಟು ಕಣ್ಣು ಮುಚ್ಚಿಕೊಂಡರೆ ನಡೆಯಲ್ಲ ಅಂತ ಅವರಿಗೂ ಗೊತ್ತು.

ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯೊಂದರಲ್ಲಿರುವ ಗೆಳತಿಗೆ ಕೇಳಿದೆ. ಅವಳದ್ದು ಎಂಜಿ, ಅಂದರೆ ಮಿನಿಮಮ್ ಗ್ಯಾರಂಟಿ. ಮೊದಲೆರಡು ವರ್ಷ ಇಷ್ಟು ಅಂತ ಖಾತ್ರಿ, ಆಮೇಲೆ ತಂದ ಬಿಲ್ಲಿನಲ್ಲಿ ಪಾಲು. "ನಿಮ್ಮಲ್ಲಿ ಪಾಯಿಂಟು, ನಮ್ಮಲ್ಲಿ ನೇರ ರೂಪಾಯಿ ಕಣೇ. ನಾನು ದಿನಕ್ಕೆ ಎರಡು ಸಲ ವಾರ್ಡಿಗೆ ಹೋದ್ರೆ ರೋಗಿಯ ಕಡೆಯವರು ಬಿಲ್ ನೋಡಿ, ಎರಡನೇ ಸಲ ಯಾಕ್ ಬಂದ್ರಿ ಅಂತಾರೆ" ಅಂದಳು. ಇದರ ಮುಂದೆ ನನ್ನ ತೊಂದರೆ ಸಣ್ಣದು ಅನಿಸಿತು. ನನ್ನ ರೋಗಿಗೆ ನನ್ನ ಪಾಯಿಂಟು ಕಾಣುವುದೇ ಇಲ್ಲ. ಅವಳ ರೋಗಿ ಅವಳ ಕಾಳಜಿಯನ್ನೇ ಅನುಮಾನದಿಂದ ನೋಡುತ್ತಾನೆ.

ಅಳತೆಯೇ ಬೇಡ ಅನ್ನುವವಳು ನಾನಲ್ಲ. ಅಳತೆ ತಿದ್ದಿಕೊಂಡ ಉದಾಹರಣೆಯೂ ಇದೆ. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ರೋಗಿಯ ಜತೆ ಕೂತು ಮಾತಾಡುವುದಕ್ಕೆ ಮೊದಲು ಮೆಡಿಕೇರ್ ಬೇರೆಯಾಗಿ ದುಡ್ಡು ಕೊಡುತ್ತಿರಲಿಲ್ಲ. 2016ರಿಂದ ಕೊಡುತ್ತಿದೆ. ಮೊದಲ ಅರ್ಧ ಗಂಟೆಗೆ 1.50 ಪಾಯಿಂಟ್. ಕೆಲಸ ಹಳೆಯದೇ, ಲೆಕ್ಕದ ಕಣ್ಣಿಗೆ ಬಿದ್ದಿದ್ದು ಆಗ. ಬೀಳಿಸಲು ಯಾರೋ ಪಟ್ಟುಹಿಡಿಯಬೇಕಾಯಿತು.

ಹಾಗಾಗಿ ನಾನೂ ಎರಡು ಸಾಲು ಬರೆದು ಕಳಿಸಿದ್ದೇನೆ. ಒಂದು, ಪಾಯಿಂಟುಗಳನ್ನು ಒಬ್ಬೊಬ್ಬರ ಹೆಸರಿನಲ್ಲಿ ಎಣಿಸದೆ ಇಡೀ ತಂಡದ್ದಾಗಿ ಎಣಿಸಿ, ಬೋನಸ್ಸನ್ನು ಎಲ್ಲರಿಗೂ ಹಂಚಿ. ಆಗ ಹೊಸ ಅಡ್ಮಿಷನ್‌ಗಾಗಿ ಓಟವೂ ಇರಲ್ಲ, ಜಾರಿಕೊಳ್ಳುವವರನ್ನು ತಂಡವೇ ಕೇಳುತ್ತದೆ. ಎರಡು, ದಿನಕ್ಕೆ ಒಬ್ಬರಿಗೆ ಹದಿನಾರು ರೋಗಿಗಳ ಮಿತಿ ಇರಲಿ. ಇದರಲ್ಲಿ ಎಕ್ಸೆಲ್ ತೋರಿಸಿದ ಲಾಭ ಅರ್ಧಕ್ಕೆ ಇಳಿಯುತ್ತದೆ. ಮನೆ ಸಾಲದ ಕಂತು ಕಟ್ಟುವ ಗಂಡ ಅದನ್ನು ನೋಡಿ ಒಂದು ನಿಮಿಷ ಸುಮ್ಮನಿದ್ದು, "ನಮ್ಮ ಆಫೀಸಲ್ಲೂ ಟಿಕೆಟ್ ಎಣಿಸ್ತಾರೆ. ಬಗ್ ಬರದ ಹಾಗೆ ಕೋಡ್ ಬರೆದೋನಿಗೆ ಅಲ್ಲೂ ಸೊನ್ನೆನೇ" ಅಂದ.

ಆಸ್ಪತ್ರೆಯಿಂದ ಉತ್ತರ ಇನ್ನೂ ಬಂದಿಲ್ಲ. ಒಪ್ಪದಿದ್ದರೆ ಫಿಕ್ಸೆಡ್ ಸಂಬಳಕ್ಕೇ ಸಹಿ ಹಾಕುತ್ತೇನೆ. ನಿಮ್ಮ ಮುಂದಿನ ಅಪ್ರೈಸಲ್‌ನಲ್ಲಿ ನೀವೂ ಒಂದು ಮಾತು ಕೇಳಿ ನೋಡಿ: ನೀವು ಎಣಿಸುತ್ತಿರುವ ಈ ಸಂಖ್ಯೆಗೆ ನನ್ನ ಯಾವ ಕೆಲಸ ಕಾಣಿಸುತ್ತಿಲ್ಲ? ಉತ್ತರ ಸಿಗದಿದ್ದರೂ ಪರವಾಗಿಲ್ಲ, ಪ್ರಶ್ನೆ ಅವರ ಮೇಜಿನ ಮೇಲಿರಲಿ.